ಸರಪಳಿ ಬಿಚ್ಚಿದವರು ಯಾರು? ಮನೋರೋಗ ಶುಶ್ರೂಷೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಲಬುರಗಿಯಲ್ಲಿ ಮನೋರೋಗ ವಾರ್ಡಿನ ನರ್ಸ್. ಆಳಂದ, ಚಿಂಚೋಳಿ, ಸುರಪುರ, ಔರಾದ್ ಕಡೆಯಿಂದ ಮನೆಯವರನ್ನು ಕರೆದುಕೊಂಡು ಬರುವವರು ನನ್ನನ್ನು ಒಂದಿಷ್ಟು ಪ್ರಶ್ನೆ ಕೇಳುತ್ತಾರೆ. ಪೋಸ್ಟಿಂಗ್ ಮೇಲೆ ಬರುವ ನರ್ಸಿಂಗ್ ಹುಡುಗ ಹುಡುಗಿಯರು ಇನ್ನೊಂದಿಷ್ಟು ಕೇಳುತ್ತಾರೆ. ಡ್ಯೂಟಿ ನಡುವೆ ನಿಂತುಕೊಂಡು ಅರ್ಧಂಬರ್ಧ ಹೇಳಿ ಕಳಿಸುವುದಕ್ಕಿಂತ, ಕೂತು ಪೂರ್ತಿ ಬರೆದಿಡೋಣ ಅನ್ನಿಸಿತು.

ಮನೋರೋಗ ವಾರ್ಡಿನ ನರ್ಸ್‌ಗೆ ಏನು ಕೆಲಸ? ಗಾಯ ಇಲ್ಲ, ಡ್ರೆಸ್ಸಿಂಗ್ ಇಲ್ಲ.

ಒಂದು ದಿನದ ಕತೆ ಹೇಳುತ್ತೇನೆ. ಓಪಿಡಿ ಬೆಂಚಿನ ಮೇಲೆ ಒಬ್ಬ ತಾಯಿ, ಪಕ್ಕದಲ್ಲಿ ಇಪ್ಪತ್ತರ ಆಸುಪಾಸಿನ ಮಗ. ಅವನ ಎರಡೂ ಕೈಗೆ ಕರು ಕಟ್ಟುವ ಹಗ್ಗ ಬಿಗಿದಿತ್ತು. ಹಗ್ಗದ ಇನ್ನೊಂದು ತುದಿಯನ್ನು ತಾಯಿ ತನ್ನ ಮುಂಗೈಗೆ ಸುತ್ತಿಕೊಂಡಿದ್ದಳು. ಸುತ್ತ ಕೂತವರೆಲ್ಲ ನಾಲ್ಕು ಮಾರು ದೂರ ಸರಿದಿದ್ದರು. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಹೋಗಿ ಅವನ ಎದುರಿಗೆ ನಿಲ್ಲಲಿಲ್ಲ, ಪಕ್ಕದಲ್ಲಿ ಕೂತರು. "ತಮ್ಮಾ, ಮುಂಜಾನಿ ಏನರೆ ತಿಂದೀಯೇನು?" ಅಂತ ಕೇಳಿದರು. ಅವನು ಮಾತಾಡಲಿಲ್ಲ. ಅವರು ಎದ್ದು ಹೋಗಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀರು ತರಿಸಿ, "ಕೈ ಕಟ್ಟಿದ್ರ ನೀರು ಹ್ಯಾಂಗ ಕುಡೀತಿ, ಬಿಚ್ಚಲೇನು?" ಅಂದರು. ಅವನು ಕೈ ಮುಂದೆ ಚಾಚಿದ. ಗಂಟು ಒದ್ದೆಯಾಗಿ ಬಿಗಿದುಕೊಂಡಿತ್ತು. ಬಿಚ್ಚಲು ಐದು ನಿಮಿಷವಾದರೂ ಹಿಡಿಯಿತು. ಕೆಳಗೆ ಮಣಿಕಟ್ಟಿನ ಚರ್ಮ ಸುಲಿದು ಕೆಂಪಾಗಿತ್ತು. ಡ್ರೆಸ್ಸಿಂಗ್ ಇಲ್ಲ ಅಂದವರಿಗೆ ಹೇಳುತ್ತೇನೆ, ಅವತ್ತು ಅದೂ ಆಯಿತು.

ನಮ್ಮ ಕೆಲಸ ಇದೇ. ಗುಳಿಗೆ ಕೊಡುವುದು, ಬಿಪಿ ನೋಡುವುದು, ಕೇಸ್ ಶೀಟ್ ಬರೆಯುವುದು ಎಲ್ಲ ಇದ್ದದ್ದೇ. ಆದರೆ ಡಾಕ್ಟರು ರೌಂಡ್ಸ್ ಮುಗಿಸಿ ಹೋದ ಮೇಲೆ ಉಳಿದ ಹೊತ್ತೆಲ್ಲ ರೋಗಿಯ ಹತ್ತಿರ ಇರುವವರು ನರ್ಸ್‌ಗಳು ಮತ್ತು ಮನೆಯವರು. ರಾತ್ರಿ ಎರಡು ಗಂಟೆಗೆ "ನನ್ನ ಯಾರೋ ಕರೀಲಿಕತ್ತಾರ" ಅಂತ ಎದ್ದು ಕೂತವನ ಜೊತೆ ಯಾರು ಇರುತ್ತಾರೆ? ಈ ಇತಿಹಾಸವನ್ನು ನಾನು ಓದಿದಷ್ಟೂ ಒಂದೇ ವಿಷಯ ಕಣ್ಣಿಗೆ ಬಿತ್ತು. ಸರಪಳಿ ಬಿಚ್ಚಿದ ಕಡೆಯಲ್ಲೆಲ್ಲ, ಹತ್ತಿರ ಕೂತವರು ಒಬ್ಬರು ಇದ್ದೇ ಇದ್ದರು.

ಹಿಂದಿನ ಕಾಲದಲ್ಲಿ ಎಲ್ಲ ಕಡೆ ಕಟ್ಟಿಯೇ ಹಾಕುತ್ತಿದ್ದರಾ?

ಎಲ್ಲ ಕಡೆ ಅಲ್ಲ. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವುನ್ ಕಟ್ಟಿಸಿದ ದೊಡ್ಡ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗ ಇತ್ತು. ಬೆಲ್ಜಿಯಂನ ಗೇಲ್ ಅನ್ನುವ ಊರಿನಲ್ಲಿ 13ನೇ ಶತಮಾನದಿಂದಲೂ ಮನೋರೋಗಿಗಳನ್ನು ಊರಿನ ಮನೆಗಳಲ್ಲೇ ಇಟ್ಟುಕೊಂಡು ಸಾಕುವ ಪದ್ಧತಿ ಇದೆ. ಸಂತರೊಬ್ಬರ ಗುಡಿಗೆ ಹರಕೆ ಹೊತ್ತು ಬಂದವರು ಅಲ್ಲಿನ ಒಕ್ಕಲಿಗರ ಮನೆಯಲ್ಲೇ ಉಳಿದರು, ಹೊಲದಲ್ಲಿ ಜೊತೆಗೆ ದುಡಿದರು. ಈಗಲೂ ಆ ಪದ್ಧತಿ ನಿಂತಿಲ್ಲ.

ನಮ್ಮ ಬೀದರ್ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಲೇಬೇಕು. 1436ರಿಂದ 1458ರವರೆಗೆ ಆಳಿದ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹಮದ್ ಷಾ ಬೀದರ್‌ನಲ್ಲಿ ದೊಡ್ಡ ಆಸ್ಪತ್ರೆ ಕಟ್ಟಿಸಿದ. ಅದರ ಖರ್ಚಿಗೆ ಹಳ್ಳಿಗಳನ್ನು ಬಿಟ್ಟುಕೊಟ್ಟ. ಹಕೀಮರನ್ನೂ ವೈದ್ಯರನ್ನೂ ಇಬ್ಬರನ್ನೂ ಇಟ್ಟ. ಅದು ಎಲ್ಲ ರೋಗಗಳ ಆಸ್ಪತ್ರೆ. ನಮ್ಮ ಭಾಗ ಹಿಂದುಳಿದದ್ದು ಅಂತ ಕೇಳಿ ಕೇಳಿ ಬೆಳೆದ ನನಗೆ, ಆರು ನೂರು ವರ್ಷದ ಹಿಂದೆ ಇಲ್ಲಿ ಬಡವರಿಗೆ ಆಸ್ಪತ್ರೆ ಇತ್ತು ಅಂತ ಗೊತ್ತಾದ ದಿನ ಬಹಳ ಖುಷಿಯಾಗಿತ್ತು.

ಲಂಡನ್ನಿನದು ಬೇರೆಯೇ ಕತೆ. ಅಲ್ಲಿನ ಬೆತ್ಲೆಮ್ 1247ರಲ್ಲಿ ಶುರುವಾದದ್ದು. ಮುಂದೆ ಅದು ಹುಚ್ಚಾಸ್ಪತ್ರೆಯಾಯಿತು. ಜಾತ್ರೆಯಲ್ಲಿ ಆಟ ನೋಡಿದ ಹಾಗೆ ಜನ ಕಾಸು ಕೊಟ್ಟು ರೋಗಿಗಳನ್ನು ನೋಡಲು ಹೋಗುತ್ತಿದ್ದರು. 1814ರಲ್ಲಿ ಅಲ್ಲಿಗೆ ಭೇಟಿ ಕೊಟ್ಟವರಿಗೆ ನಾರಿಸ್ ಅನ್ನುವ ಒಬ್ಬ ಮನುಷ್ಯ ಕಂಡ. ಕೊರಳಿಗೆ ಕಬ್ಬಿಣದ ಬಳೆ, ಮೈಗೆ ಕಬ್ಬಿಣದ ಪಟ್ಟಿ, ಅದರಿಂದ ಕಂಬಕ್ಕೆ ಸರಪಳಿ. ಸುಮಾರು ಹತ್ತು ವರ್ಷದಿಂದ ಹಾಗೇ ಇದ್ದ. ಆ ಕಾಲದಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗೆ ಕಾವಲುಗಾರ ಅಂತಲೇ ಹೆಸರು. ಕಾಯುವುದು ಕೆಲಸ, ನೋಡಿಕೊಳ್ಳುವುದಲ್ಲ.

ಮೊದಲು ಸರಪಳಿ ಬಿಚ್ಚಿದ್ದು ಫ್ರಾನ್ಸಿನ ಡಾಕ್ಟರ್ ಪಿನೆಲ್ ಅಲ್ವಾ? ಪರೀಕ್ಷೆಯಲ್ಲಿ ಹಾಗೇ ಬರೀತೀವಿ.

ಹಾಗೇ ಬರೆಯಿರಿ, ಮಾರ್ಕ್ಸ್ ಸಿಗುತ್ತದೆ. ಆದರೆ ಇನ್ನೊಂದು ಹೆಸರೂ ತಿಳಿದಿರಲಿ. ಝಾಂ ಬಾಪ್ಟಿಸ್ಟ್ ಪ್ಯುಸಾಂ.

ಪ್ಯುಸಾಂ ಚರ್ಮ ಹದ ಮಾಡುವ ಕೆಲಸದವನು. ಕುತ್ತಿಗೆಯಲ್ಲಿ ಗಡ್ಡೆ ಏಳುವ ಕ್ಷಯದಂಥ ರೋಗ ಬಂದು ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆ ಸೇರಿದ. ವಾಸಿಯಾದ ಮೇಲೆ ಅಲ್ಲೇ ಕೆಲಸಕ್ಕೆ ನಿಂತ. 1780ರ ದಶಕದಲ್ಲಿ ಮನೋರೋಗಿಗಳ ವಾರ್ಡಿನ ಉಸ್ತುವಾರಿ ಅವನ ಕೈಗೆ ಬಂತು. ಹೆಂಡತಿ ಮಾರ್ಗರೀಟ್ ಕೂಡ ಜೊತೆಗೆ ದುಡಿದಳು. ಅವನು ಮಾಡಿದ ಮೊದಲ ಕೆಲಸ, ರೋಗಿಗಳನ್ನು ಹೊಡೆಯಬಾರದು ಅಂತ ನಿಯಮ ಮಾಡಿದ್ದು. ಹೊಡೆದವರನ್ನು ಕೆಲಸದಿಂದ ತೆಗೆದ. ಆಮೇಲೆ ವಾಸಿಯಾದ ರೋಗಿಗಳನ್ನೇ ಆಳುಗಳಾಗಿ ಇಟ್ಟುಕೊಂಡ. ಆ ಕಷ್ಟ ತಿಂದವರಿಗೆ ತಾನೇ ಕೈ ಎತ್ತಲು ಮನಸ್ಸು ಬರುವುದಿಲ್ಲ.

ಡಾಕ್ಟರ್ ಫಿಲಿಪ್ ಪಿನೆಲ್ ಅಲ್ಲಿಗೆ ಬಂದದ್ದು 1793ರಲ್ಲಿ. ಅಷ್ಟು ಹೊತ್ತಿಗೆ ಇದೆಲ್ಲ ನಡೆದಿತ್ತು. ಪಿನೆಲ್ ದೊಡ್ಡತನ ಏನೆಂದರೆ, ಓದದ ಆ ಮನುಷ್ಯನ ಪಕ್ಕ ನಿಂತು ನೋಡಿ ಕಲಿತರು. ಅದನ್ನು ತಮ್ಮ ಬರಹದಲ್ಲಿ ಹೆಸರು ಹೇಳಿ ಒಪ್ಪಿಕೊಂಡರು. ಬಿಸೆತ್ರ್‌ನ ರೋಗಿಗಳ ಸರಪಳಿ ಬಿಚ್ಚಿಸಿದ್ದು 1797ರಲ್ಲಿ, ಅದೂ ಪ್ಯುಸಾಂ. ಆಗ ಪಿನೆಲ್ ಅಲ್ಲಿಂದ ಸಾಲ್‌ಪೆತ್ರಿಯೇರ್ ಎಂಬ ಹೆಂಗಸರ ಆಸ್ಪತ್ರೆಗೆ ಹೋಗಿಯಾಗಿತ್ತು. ಅಲ್ಲಿಯೂ ಮುಂದೆ ಸರಪಳಿ ಹೋಯಿತು, ಪ್ಯುಸಾಂನನ್ನೂ ಪಿನೆಲ್ ಅಲ್ಲಿಗೇ ಕರೆಸಿಕೊಂಡರು. ಸರಪಳಿ ಹೋದ ಜಾಗಕ್ಕೆ ಉದ್ದ ತೋಳಿನ ಕಟ್ಟು ಅಂಗಿ ಬಂತು ಅನ್ನುವುದನ್ನೂ ಮರೆಯಬೇಡಿ. ಒಂದೇ ದಿನಕ್ಕೆ ಎಲ್ಲ ಸರಿಹೋಗಲಿಲ್ಲ.

ಹರಳಯ್ಯ ಚಪ್ಪಲಿ ಹೊಲಿದ ಕಲ್ಯಾಣ ನಮ್ಮ ಬೀದರ್ ಜಿಲ್ಲೆಯದು. ಚರ್ಮದ ಕೆಲಸದವನೊಬ್ಬ ಡಾಕ್ಟರಿಗೆ ದಾರಿ ತೋರಿಸಿದ ಅಂದರೆ ಈ ನೆಲದವರಿಗೆ ಆಶ್ಚರ್ಯ ಆಗಬೇಕಾಗಿಲ್ಲ. ಪ್ಯುಸಾಂನನ್ನು ಮೊದಲ ಮನೋರೋಗ ನರ್ಸ್ ಅಂತ ಕರೆಯುವವರಿದ್ದಾರೆ. ನಾನೂ ಅವರ ಜೊತೆ.

ನಮ್ಮ ಪಾಠದಲ್ಲಿ ಇಂಗ್ಲೆಂಡಿನ ಯಾರ್ಕ್ ಹೆಸರು ಯಾಕೆ ಅಷ್ಟು ಸಲ ಬರುತ್ತದೆ?

ಒಬ್ಬ ಹೆಣ್ಣುಮಗಳ ಸಾವಿನಿಂದ. 1790ರಲ್ಲಿ ಹನ್ನಾ ಮಿಲ್ಸ್ ಎಂಬ ವಿಧವೆಯನ್ನು ಯಾರ್ಕ್ ಊರಿನ ಹುಚ್ಚಾಸ್ಪತ್ರೆಗೆ ಸೇರಿಸಿದರು. ಅವಳು ಕ್ವೇಕರ್ ಎಂಬ ಕ್ರೈಸ್ತ ಪಂಥದವಳು. ಅದೇ ಪಂಥದ ಜನ ನೋಡಲು ಹೋದರೆ ಒಳಗೆ ಬಿಡಲಿಲ್ಲ. ಕೆಲವೇ ವಾರಗಳಲ್ಲಿ ಅವಳು ಸತ್ತಳು. ಇದು ವಿಲಿಯಂ ಟ್ಯೂಕ್ ಎಂಬ ಚಹಾ ವ್ಯಾಪಾರಿಯ ಮನಸ್ಸಿಗೆ ತಾಗಿತು. ಅವರು ಹಣ ಕೂಡಿಸಿ 1796ರಲ್ಲಿ 'ರಿಟ್ರೀಟ್' ಅನ್ನುವ ಮನೆ ತೆರೆದರು. ಸುಮಾರು ಮೂವತ್ತು ಜನರಿಗೆ ಜಾಗ. ಅಂಗಳದಲ್ಲಿ ಕೋಳಿ, ಮೊಲ ಸಾಕಿದರು. ಕಿಟಕಿಯ ಕಬ್ಬಿಣದ ಸರಳು ಕಾಣದ ಹಾಗೆ ಮರದ ಚೌಕಟ್ಟಿನಂತೆ ಮಾಡಿಸಿದರು. ರೋಗಿಗಳು ಒಳ್ಳೆಯ ಬಟ್ಟೆ ಹಾಕಿಕೊಂಡು ಮೇಲ್ವಿಚಾರಕರ ಜೊತೆ ಕೂತು ಚಹಾ ಕುಡಿಯುತ್ತಿದ್ದರು.

ಇದಾದ ಮೇಲೆ 1839ರಲ್ಲಿ ಡಾಕ್ಟರ್ ಜಾನ್ ಕೊನೊಲಿ ಲಂಡನ್ ಹತ್ತಿರದ ಹ್ಯಾನ್‌ವೆಲ್‌ನಲ್ಲಿ ರೋಗಿಗಳನ್ನು ಕಟ್ಟಿಹಾಕುವುದನ್ನೇ ಬಿಟ್ಟರು. ಅದು ಚಿಕ್ಕ ಮನೆಯಲ್ಲ, ನೂರಾರು ರೋಗಿಗಳಿದ್ದ ಆಸ್ಪತ್ರೆ. ಹಾಗಾಗಿ "ಸಣ್ಣ ಜಾಗದಲ್ಲಿ ಮಾತ್ರ ಇದೆಲ್ಲ ನಡೆಯುತ್ತೆ" ಅನ್ನುವ ಮಾತಿಗೆ ಅರ್ಥ ಉಳಿಯಲಿಲ್ಲ.

ಹನ್ನಾ ಮಿಲ್ಸ್ ಕತೆ ನೆನಪಾದಾಗಲೆಲ್ಲ ನಾನು ಭೇಟಿ ಸಮಯದ ಬಗ್ಗೆ ಯೋಚಿಸುತ್ತೇನೆ. ನಾನು ಕಲಿಯುವಾಗ ಒಂದು ಕಡೆ ಮನೆಯವರನ್ನು ಗೇಟಿನಲ್ಲೇ ನಿಲ್ಲಿಸಿ ರೊಟ್ಟಿ ಡಬ್ಬಿ ಮಾತ್ರ ಒಳಗೆ ಕಳಿಸುತ್ತಿದ್ದರು. ಡಬ್ಬಿ ಖಾಲಿಯಾಗಿ ಹೊರಗೆ ಬಂದರೆ ಮಗ ಚೆನ್ನಾಗಿದ್ದಾನೆ ಅಂತ ತಾಯಿ ತಿಳಿದುಕೊಳ್ಳಬೇಕು. ಅದು ತಪ್ಪು ಅಂತ ಆಗ ನನಗೆ ಹೊಳೆಯಲೇ ಇಲ್ಲ. ಈಗ ಬಹಳ ಕಾಡುತ್ತದೆ.

ನರ್ಸ್‌ಗಳಿಗೆ ಇದರ ತರಬೇತಿ ಯಾವಾಗ ಶುರುವಾಯಿತು?

1882ರಲ್ಲಿ, ಅಮೆರಿಕದ ಮೆಕ್ಲೀನ್ ಮನೋರೋಗ ಆಸ್ಪತ್ರೆಯಲ್ಲಿ. ಬ್ರಿಟನ್ನಿನಲ್ಲಿ 1885ರಲ್ಲಿ ವಾರ್ಡಿನ ಆಳುಗಳಿಗಾಗಿ ಕೆಂಪು ರಟ್ಟಿನ ಕೈಪಿಡಿ ಬಂತು. 1891ರಲ್ಲಿ ಪರೀಕ್ಷೆ, ಸರ್ಟಿಫಿಕೇಟು. ಅಮೆರಿಕದ ಮೊದಲ ತರಬೇತಿ ಪಡೆದ ನರ್ಸ್ ಲಿಂಡಾ ರಿಚರ್ಡ್ಸ್ ಕೂಡ ಮುಂದೆ ಹಲವು ಮನೋರೋಗ ಆಸ್ಪತ್ರೆಗಳಲ್ಲಿ ನರ್ಸಿಂಗ್ ಶಾಲೆ ನಡೆಸಿದರು. ಮೈ ಕಾಯಿಲೆಯವರಿಗೆ ಸಿಗುವಷ್ಟೇ ಆರೈಕೆ ಮನಸ್ಸಿನ ಕಾಯಿಲೆಯವರಿಗೂ ಸಿಗಬೇಕು ಅನ್ನುವುದು ಅವರ ವಾದ.

ನರ್ಸಿಂಗ್ ಪುಸ್ತಕದಲ್ಲಿ ಬರುವ ಪೆಪ್ಲಾವ್ ಹೇಳಿದ್ದು ನಿಜವಾಗಿ ಏನು?

ಹಿಲ್ಡೆಗಾರ್ಡ್ ಪೆಪ್ಲಾವ್ 1909ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. 1918ರ ಫ್ಲೂ ಜ್ವರದ ಕಾಲಕ್ಕೆ ಅವರು ಸಣ್ಣ ಹುಡುಗಿ. ಜ್ವರ ನೆತ್ತಿಗೇರಿ ಜನ ಬಡಬಡಿಸುವುದನ್ನು ಕಣ್ಣಾರೆ ಕಂಡರು. ನರ್ಸ್ ಆದ ಮೇಲೆ ಬರೆದ ಪುಸ್ತಕ 1948ಕ್ಕೇ ತಯಾರಿತ್ತು. ಡಾಕ್ಟರ ಹೆಸರು ಜೊತೆಗಿಲ್ಲದೆ ನರ್ಸ್ ಒಬ್ಬಳೇ ಪುಸ್ತಕ ಬರೆಯುವುದೇ ಅತಿಯಾಯಿತು ಅನ್ನುವ ಕಾಲ ಅದು. ಹಾಗಾಗಿ ಅಚ್ಚಾದದ್ದು 1952ರಲ್ಲಿ.

ಅವರ ಮಾತನ್ನು ನಾನು ವಿದ್ಯಾರ್ಥಿಗಳಿಗೆ ಹೀಗೆ ಹೇಳುತ್ತೇನೆ. ನರ್ಸ್ ಮತ್ತು ರೋಗಿ ನಡುವಿನ ಸಂಬಂಧವೇ ಒಂದು ಔಷಧಿ. ಅದಕ್ಕೂ ಡೋಸ್ ಇದೆ, ಸಮಯ ಇದೆ. ಮೊದಲು ಇಬ್ಬರೂ ಅಪರಿಚಿತರು. ಆಮೇಲೆ ಕಷ್ಟ ಏನು ಅಂತ ಜೊತೆಗೆ ಹುಡುಕುತ್ತಾರೆ. ಕಡೆಗೆ ನರ್ಸ್ ಹಿಂದೆ ಸರಿಯಬೇಕು, ಅವರು ತಮ್ಮ ಕಾಲ ಮೇಲೆ ನಿಲ್ಲಬೇಕು. ನರ್ಸ್‌ಳ ಒಳಗಿನ ಗಾಬರಿ ರೋಗಿಗೆ ಅಂಟುತ್ತದೆ ಅನ್ನುವುದನ್ನೂ ಪೆಪ್ಲಾವ್ ಒತ್ತಿ ಹೇಳಿದರು. ಇದು ನಾನು ವಾರ್ಡಿನಲ್ಲಿ ದಿನಾ ಕಾಣುವ ಸತ್ಯ. ಸಿಸ್ಟರ್ ಧ್ವನಿ ಏರಿದರೆ ಸಾಕು, ಇಡೀ ವಾರ್ಡಿನ ಧ್ವನಿ ಏರುತ್ತದೆ.

ನರ್ಸ್‌ಗಳು ಯಾವಾಗಲೂ ಒಳ್ಳೆಯದನ್ನೇ ಮಾಡಿದರಾ?

ಇಲ್ಲ. ಈ ಪ್ರಶ್ನೆಯನ್ನು ಕೇಳುವವರು ಕಡಿಮೆ, ಆದರೂ ಬರೆಯುತ್ತಿದ್ದೇನೆ. ಹಿಟ್ಲರ್ ಆಳ್ವಿಕೆಯ ಜರ್ಮನಿಯಲ್ಲಿ ಮನೋರೋಗಿಗಳನ್ನು, ಅಂಗವಿಕಲರನ್ನು ಸಾಲಾಗಿ ಕೊಂದರು. ಟಿ4 ಅನ್ನುವುದು ಆ ಯೋಜನೆಯ ಹೆಸರು. 1941ರ ಆಗಸ್ಟ್ ಹೊತ್ತಿಗೆ ವಿಷಗಾಳಿಯ ಕೋಣೆಗಳಲ್ಲೇ ಸುಮಾರು 70,000 ಜನ ಸತ್ತಿದ್ದರು. ಆಮೇಲೂ ಔಷಧಿ ಜಾಸ್ತಿ ಕೊಟ್ಟು, ಹೊಟ್ಟೆಗೆ ಹಾಕದೆ ಕೊಲ್ಲುವುದು ಮುಂದುವರಿಯಿತು. ಎಷ್ಟೋ ಕಡೆ ಆ ಔಷಧಿ ಕುಡಿಸಿದ್ದು ನರ್ಸ್‌ಗಳ ಕೈ. 1965ರಲ್ಲಿ ಮ್ಯೂನಿಕ್‌ನಲ್ಲಿ 14 ನರ್ಸ್‌ಗಳ ವಿಚಾರಣೆ ನಡೆಯಿತು. ಎಲ್ಲರೂ ಖುಲಾಸೆಯಾದರು.

ಔಷಧಿ ಕುಡಿಸುವಾಗ ತಲೆಗೆ ಕೈ ಆನಿಸಿ ಎತ್ತುತ್ತೇವಲ್ಲ, ಅವರೂ ಹಾಗೆಯೇ ಎತ್ತಿ ಕುಡಿಸಿರಬೇಕು. ಅದನ್ನು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಬರೆದ ಆರ್ಡರ್ ತಪ್ಪು ಅನ್ನಿಸಿದರೆ ಕೈ ತಡೆದು ಕೇಳುವ ಧೈರ್ಯವನ್ನೂ ನಾವು ಕಲಿಸಬೇಕು.

ಗುಳಿಗೆ ಬರುವ ಮೊದಲು ಏನು ಮಾಡುತ್ತಿದ್ದರು? ಕರೆಂಟ್ ಕೊಡೋದು ಹಿಂಸೆ ಅಲ್ವಾ?

ಮಲೇರಿಯಾ ಜ್ವರ ಬರಿಸಿದರು, ಇನ್ಸುಲಿನ್ ಕೊಟ್ಟು ಪ್ರಜ್ಞೆ ತಪ್ಪಿಸಿದರು, ಮೆದುಳಿನ ನರ ಕತ್ತರಿಸಿದರು. ನರ ಕತ್ತರಿಸುವುದನ್ನು ಶುರುಮಾಡಿದ ಎಗಾಸ್ ಮೊನಿಸ್ ಅವರಿಗೆ 1949ರಲ್ಲಿ ನೊಬೆಲ್ ಕೂಡ ಬಂತು. ಅದೇ 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಎಂಬ ಔಷಧಿ ಕೆಲಸ ಮಾಡುತ್ತದೆ ಅಂತ ತೋರಿಸಿದರು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಔಷಧಿ ಬಂತು. ಕೂಗಾಡುತ್ತಿದ್ದ ವಾರ್ಡುಗಳಲ್ಲಿ ಮಾತು ಕೇಳಿಸುವಂತಾಯಿತು. ಮಾತು ಕೇಳಿಸಿದ ಮೇಲೆ ತಾನೇ ನಮ್ಮ ಕೆಲಸ.

ಕರೆಂಟ್ ಚಿಕಿತ್ಸೆ 1938ರಲ್ಲಿ ರೋಮ್‌ನಲ್ಲಿ ಶುರುವಾಯಿತು. ಮೊದಮೊದಲು ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು, ಮೂಳೆ ಮುರಿದದ್ದೂ ಉಂಟು. ಆ ಭಯವೇ ಇವತ್ತಿಗೂ ಜನರ ಮನಸ್ಸಿನಲ್ಲಿ ಉಳಿದಿದೆ. ಈಗ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಕೊಡದೆ ಇದನ್ನು ಮಾಡುವುದು ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ. ಊಟ ನೀರು ಬಿಟ್ಟು ಗೋಡೆ ನೋಡಿ ಮಲಗಿದವರು ಇದರಿಂದ ಎದ್ದು ಕೂತು ರೊಟ್ಟಿ ಕೇಳಿದ್ದನ್ನು ನಾನು ನೋಡಿದ್ದೇನೆ. ಡಾಕ್ಟರ್ ಹೇಳಿದರೆ ಹೆದರಿ ಓಡಿಹೋಗಬೇಡಿ, ಕೂತು ಎಲ್ಲವನ್ನೂ ಕೇಳಿ.

ನಮ್ಮ ದೇಶದಲ್ಲಿ ಈ ಕೆಲಸ ಹೇಗೆ ಬೆಳೆಯಿತು?

ಕಾನೂನಿನ ಮಾತೇ ಮೊದಲು ನೋಡಿ. ಬ್ರಿಟಿಷರು 1858ರಲ್ಲಿ ಒಂದು ಕಾಯ್ದೆ ತಂದರು, 1912ರಲ್ಲಿ ಇನ್ನೊಂದು. ಎರಡರಲ್ಲೂ ರೋಗಿಗೆ ಇಟ್ಟ ಹೆಸರು 'ಹುಚ್ಚ'. 1912ರ ಕಾಯ್ದೆ ಹೋಗಿ ಮಾನಸಿಕ ಆರೋಗ್ಯ ಕಾಯ್ದೆ ಬಂದದ್ದು 1987ರಲ್ಲಿ. 1946ರಲ್ಲಿ ದೇಶದ ಆರೋಗ್ಯ ಸ್ಥಿತಿ ನೋಡಿದ ಭೋರ್ ಸಮಿತಿ ಲೆಕ್ಕ ಹಾಕಿದಾಗ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆ ಸುಮಾರು 10,000.

ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಅನ್ನುವ ಹೆಸರು ಬಂತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಶುರುವಾಯಿತು. ಡಾಕ್ಟರ್ ಎಂ.ವಿ. ಗೋವಿಂದಸ್ವಾಮಿ ಅದನ್ನು ಕಟ್ಟಿ ಬೆಳೆಸಿದವರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ನರ್ಸ್‌ಗಳಿಗೆ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ಅಲ್ಲಿ 1950ರ ದಶಕದಲ್ಲೇ ಶುರುವಾಗಿತ್ತು.

ನನಗೆ ಇದಕ್ಕಿಂತ ಹತ್ತಿರ ಅನ್ನಿಸುವುದು ಅಮೃತಸರದ ಕತೆ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ್ ಇದ್ದರು. ರೋಗಿಗಳು ಜಾಸ್ತಿ, ಜಾಗ ಮತ್ತು ಸಿಬ್ಬಂದಿ ಕಡಿಮೆ. ಅವರು ಆವರಣದಲ್ಲಿ ಡೇರೆ ಹಾಕಿಸಿ, ಮನೆಯವರೂ ರೋಗಿ ಜೊತೆ ಅಲ್ಲೇ ಇರಲಿ ಅಂದರು. ಮನೆಯವರಿಗೆ ಕಾಯಿಲೆ ಏನು, ಹೇಗೆ ನೋಡಿಕೊಳ್ಳಬೇಕು ಅಂತ ಕೂರಿಸಿ ಹೇಳಿದರು. ಜನ ಬೇಗ ಚೇತರಿಸಿಕೊಂಡು ಮನೆಗೆ ಹೋದರು. ಹೊರದೇಶಗಳಲ್ಲಿ ಮನೆಯವರನ್ನು ದೂರ ಇಡುತ್ತಿದ್ದ ಕಾಲದಲ್ಲಿ ನಡೆದ ಮಾತು ಇದು. ನಮ್ಮ ಯಾವ ವಾರ್ಡಿಗೆ ಬಂದು ನೋಡಿ, ಪ್ರತಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ಒಬ್ಬ ತಾಯಿಯೋ ಅಣ್ಣನೋ ಇದ್ದೇ ಇರುತ್ತಾರೆ. ಅದು ಬಡತನದ ಗುರುತು ಅಂತ ಕೆಲವರು ಅಂದುಕೊಳ್ಳುತ್ತಾರೆ. ಅದು ನಮ್ಮ ದೊಡ್ಡ ಆಸ್ತಿ.

ನಮ್ಮ ಕಲಬುರಗಿ, ಬೀದರ್, ಯಾದಗಿರಿಗೆ ಇದು ಬಂದದ್ದು ಯಾವಾಗ?

ತಡವಾಗಿ. 1948ರವರೆಗೆ ನಾವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. ಬೆಂಗಳೂರು ದೂರ, ಧಾರವಾಡದ ಮಾನಸಿಕ ಆಸ್ಪತ್ರೆಯೂ ಹತ್ತಿರವಲ್ಲ. ಬೀದರ್ ಕಡೆಯವರಿಗೆ ಇವತ್ತಿಗೂ ಹೈದರಾಬಾದಿನ ಎರ್ರಗಡ್ಡ ಆಸ್ಪತ್ರೆಯೇ ಮೊದಲು ನೆನಪಾಗುವುದು. "ಎರ್ರಗಡ್ಡಕ್ಕ ಒಯ್ದು ಬಿಡ್ತೀನಿ" ಅನ್ನುವುದು ಮನೆಗಳಲ್ಲಿ ಬೈಗುಳವೇ ಆಗಿಬಿಟ್ಟಿದೆ. ಇದು ನಿಲ್ಲಬೇಕು. ಆಸ್ಪತ್ರೆ ಹೆಸರು ಬೈಗುಳವಾದರೆ ಕಾಯಿಲೆ ಬಂದವರು ಅಲ್ಲಿಗೆ ಹೇಗೆ ಹೋಗುತ್ತಾರೆ?

ಬದಲಾವಣೆಯ ದೊಡ್ಡ ಹೆಜ್ಜೆ ನಮ್ಮ ನೆರೆಯ ಬಳ್ಳಾರಿಯಲ್ಲಿ ಆಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದನ್ನು ಜಿಲ್ಲೆಯಲ್ಲಿ ನಡೆಸುವುದು ಹೇಗೆ ಅಂತ ನಿಮ್ಹಾನ್ಸ್‌ನವರು 1980ರ ದಶಕದ ನಡುವೆ ಬಳ್ಳಾರಿಯಲ್ಲಿ ಮಾಡಿ ನೋಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಸಹಾಯಕಿಯರಿಗೆ ತರಬೇತಿ ಕೊಟ್ಟರು. ಗುಳಿಗೆ ಹಳ್ಳಿಗೇ ಹೋಯಿತು. 1996ರಲ್ಲಿ ಶುರುವಾಗಿ ಮುಂದೆ ದೇಶದಲ್ಲೆಲ್ಲ ಹರಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯನ್ನು ನೋಡಿ ದೇಶ ಕಲಿಯಿತು ಅನ್ನುವುದನ್ನು ನಮ್ಮ ಮಕ್ಕಳಿಗೆ ಹೇಳಬೇಕು.

ಗಾಳಿ ಬಡಿದಿದೆ ಅಂತಾರೆ. ಗಾಣಗಾಪುರಕ್ಕೆ ಹೋಗಲೋ, ದರ್ಗಾಕ್ಕೆ ಹೋಗಲೋ, ಆಸ್ಪತ್ರೆಗೆ ಬರಲೋ?

ಮೂರೂ ಕಡೆ ಹೋಗಿ. ಆಸ್ಪತ್ರೆಗೆ ಮೊದಲು ಬನ್ನಿ, ಗುಳಿಗೆ ಮಾತ್ರ ಬಿಡಬೇಡಿ.

ನಾನು ದೇವರನ್ನು ನಂಬುವವಳು. ಗಾಣಗಾಪುರದ ದತ್ತನ ಗುಡಿಯಲ್ಲಿ ಮಹಾಮಂಗಳಾರತಿ ಹೊತ್ತಿಗೆ ಮೈಮೇಲೆ ಬಂದವರು ಕಂಬ ಹಿಡಿದು ಕೂಗುವುದನ್ನು ನೋಡಿದ್ದೇನೆ. ಅಲ್ಲಿ ಅವರನ್ನು ಯಾರೂ ನಗುವುದಿಲ್ಲ. ಮನೆಯವರು ಜೊತೆಗಿರುತ್ತಾರೆ, ಊಟ ಸಿಗುತ್ತದೆ, ಮಲಗಲು ಜಾಗ ಸಿಗುತ್ತದೆ. ಖಾಜಾ ಬಂದೇನವಾಜ್ ದರ್ಗಾದಲ್ಲೂ ಅಷ್ಟೇ. ಆ ನೆಮ್ಮದಿ ಸುಳ್ಳಲ್ಲ. ಲಿಂಬೆಹಣ್ಣು ಇಳಿಸಿದರೆ, ತಾಯತ ಕಟ್ಟಿದರೆ ನಾವು ಬೇಡ ಅನ್ನುವುದಿಲ್ಲ. ಆದರೆ ಹೊಡೆಯುವುದು, ಬರೆ ಹಾಕುವುದು, ಖಾರದ ಹೊಗೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಬೇಡವೇ ಬೇಡ. ಇವನ್ನು ಮಾಡುವವರು ಯಾರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಏರ್ವಾಡಿಯ ಹೆಸರು ಇಲ್ಲಿ ಹೇಳಲೇಬೇಕು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ದರ್ಗಾ ಹತ್ತಿರ ಖಾಸಗಿಯವರು ಮನೋರೋಗಿಗಳನ್ನು ಇಟ್ಟುಕೊಳ್ಳುವ ಶೆಡ್ಡುಗಳನ್ನು ನಡೆಸುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಇದ್ದವರು ಓಡಲಾಗಲಿಲ್ಲ. 28 ಜನ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಆ ಪ್ರಕರಣ ಕೈಗೆತ್ತಿಕೊಂಡಿತು. ಅವರನ್ನು ಅಲ್ಲಿಗೆ ಬಿಟ್ಟು ಹೋದ ಮನೆಯವರೂ ವಾಸಿಯಾಗಲಿ ಅಂತಲೇ ಬಿಟ್ಟಿದ್ದರು.

ಮನೆಯಲ್ಲಿ ಕಟ್ಟಿಹಾಕಿದರೆ ಅಪರಾಧವಾ? ನಾವೇನು ಬೇಕಂತ ಕಟ್ಟಿಲ್ಲ.

ಬೇಕಂತ ಕಟ್ಟಿಲ್ಲ ಅಂತ ನನಗೆ ಗೊತ್ತು. ತೊಗರಿ ಕಟಾವಿನ ಹೊತ್ತಿಗೆ ಮನೆಯವರೆಲ್ಲ ಹೊಲಕ್ಕೆ ಹೋಗಲೇಬೇಕು. ಮನೆಯಲ್ಲಿ ಮುದುಕಿ ಒಬ್ಬಳೇ. ಮಗ ರಸ್ತೆಗೆ ಓಡಿದರೆ ಲಾರಿ, ಬಾವಿ ಕಡೆಗೆ ಹೋದರೆ ಬಾವಿ. ಕಟ್ಟಿದ ಎಷ್ಟೋ ತಾಯಂದಿರು ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ಅತ್ತಿದ್ದಾರೆ. ನಿಮ್ಮನ್ನು ಬೈಯಲು ನಾನಿಲ್ಲಿ ಕೂತಿಲ್ಲ. ಆದರೆ ಕಟ್ಟಿದಷ್ಟು ದಿನ ಚಿಕಿತ್ಸೆ ತಡವಾಗುತ್ತದೆ, ಅವನ ಸಿಟ್ಟೂ ಭಯವೂ ಏರುತ್ತದೆ. ಕಟ್ಟುವ ಮಟ್ಟಕ್ಕೆ ಬಂದಿದೆ ಅಂದರೆ ಅವತ್ತೇ ಆಸ್ಪತ್ರೆಗೆ ಬರಬೇಕು ಅಂತ ಅರ್ಥ. 108ಕ್ಕೆ ಫೋನ್ ಮಾಡಿ.

ಕಾನೂನು ಏನು ಹೇಳುತ್ತದೆ ಅಂದರೆ, 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮನೋರೋಗ ಇರುವ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ಆಸ್ಪತ್ರೆಯಲ್ಲಿ ಒತ್ತಾಯದಿಂದ ತಲೆ ಬೋಳಿಸುವಂತಿಲ್ಲ. ಅವರ ಸ್ವಂತ ಬಟ್ಟೆ ಹಾಕಿಕೊಳ್ಳಲು ಬಿಡಬೇಕು. ಕೂಲಿ ಕೊಡದೆ ದುಡಿಸುವಂತಿಲ್ಲ. ಹೆಣ್ಣುಮಕ್ಕಳಿಗೆ ಮುಟ್ಟಿನ ದಿನಗಳಲ್ಲಿ ಬೇಕಾದದ್ದನ್ನು ಕೊಡಬೇಕು. ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರೆ ಮಾಡುವಂತಿಲ್ಲ. ಒಂದೊಂದು ಸಾಲನ್ನೂ ಓದಿ ನೋಡಿ. ಹಿಂದೆ ಏನೇನು ನಡೆಯುತ್ತಿತ್ತು ಅಂತ ಅದರಲ್ಲೇ ತಿಳಿಯುತ್ತದೆ.

ನಮ್ಮಂಥ ನರ್ಸ್‌ಗಳಿಗೆ ಮುಖ್ಯವಾದ ಮಾತು ಇನ್ನೊಂದಿದೆ. ಬೇರೆ ದಾರಿಯೇ ಇಲ್ಲದೆ ರೋಗಿಯನ್ನು ಸ್ವಲ್ಪ ಹೊತ್ತು ಹಿಡಿದಿಡಬೇಕಾದರೂ ಮನೋವೈದ್ಯರ ಒಪ್ಪಿಗೆ ಬೇಕು, ಕಾರಣ ಬರೆದಿಡಬೇಕು. ಶಿಕ್ಷೆ ಅಂತ ಮಾಡುವಂತಿಲ್ಲ. ಸಿಬ್ಬಂದಿ ಕಡಿಮೆ ಇದ್ದಾರೆ ಅನ್ನುವ ಒಂದೇ ಕಾರಣಕ್ಕೂ ಮಾಡುವಂತಿಲ್ಲ. ಈ ಕೊನೆಯ ಸಾಲು ಕಾಯ್ದೆಯಲ್ಲೇ ಇದೆ. ರಾತ್ರಿ ಪಾಳಿಯಲ್ಲಿ ಒಬ್ಬಳೇ ಇರುವ ಸಿಸ್ಟರ್ ಕಷ್ಟ ನನಗೆ ಗೊತ್ತು. ಅದಕ್ಕೆ ಪರಿಹಾರ ಇನ್ನೊಬ್ಬ ಸಿಸ್ಟರ್, ಹಗ್ಗ ಅಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಅಲೆಯುವವರನ್ನು ಕಂಡರೆ ಏನು ಮಾಡಬೇಕು?

ಪೊಲೀಸ್ ಠಾಣೆಗೆ ತಿಳಿಸಿ. ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆತರುವುದು ಅವರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ.

ಜೀವ ತೆಗೆದುಕೊಳ್ಳಲು ಹೋದವರನ್ನು ಕರೆತಂದರೆ ಕೇಸ್ ಆಗುತ್ತಾ?

ಈ ಭಯದಿಂದ ತಡಮಾಡಬೇಡಿ. ಹಾಗೆ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಕಾಯ್ದೆ ಭಾವಿಸುತ್ತದೆ. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಅನ್ನುತ್ತದೆ. ಮನೆಯಲ್ಲಿ ಯಾರಾದರೂ "ಬದುಕಿ ಏನು ಮಾಡಲಿ" ಅಂತ ಪದೇ ಪದೇ ಅನ್ನುತ್ತಿದ್ದರೆ ಸುಮ್ನೆ ಮಾತು ಅಂತ ಬಿಡಬೇಡಿ. ಹತ್ತಿರ ಕೂತು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ, ಭಾರ ಇಳಿಯುತ್ತದೆ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗ ಹಾಕಿಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, 2022ರ ಅಕ್ಟೋಬರ್ 10ರಿಂದ ಇದೆ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ವಾಸಿಯಾದ ಮೇಲೆ ಗುಳಿಗೆ ನಿಲ್ಲಿಸಬಹುದಾ?

ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಗುಳಿಗೆಯಿಂದ ನಿದ್ದೆ ಜಾಸ್ತಿ, ಕೈ ನಡುಕ, ಬಾಯಲ್ಲಿ ಜೊಲ್ಲು ಅಂತ ಕಷ್ಟ ಇದ್ದರೆ ಮುಚ್ಚಿಡದೆ ಹೇಳಿ. ಅದನ್ನು ಬದಲಾಯಿಸಬಹುದು.

ನರ್ಸಿಂಗ್ ಓದುತ್ತಿದ್ದೇನೆ. ಮನೋರೋಗ ವಾರ್ಡ್ ಅಂದರೆ ಭಯ. ಏನು ಮಾಡಲಿ?

ಮೊದಲ ದಿನ ನನಗೂ ಭಯ ಇತ್ತು. ಬಾಗಿಲ ಹತ್ತಿರವೇ ನಿಂತಿದ್ದೆ. ಒಬ್ಬ ಅಜ್ಜಿ ಬಂದು, "ಯವ್ವಾ, ಹೊಸದಾಗಿ ಬಂದೀಯೇನು? ಕುಂದರು" ಅಂತ ತನ್ನ ಮಂಚದಲ್ಲಿ ಜಾಗ ಮಾಡಿಕೊಟ್ಟಳು. ಅವಳು ಮೂವತ್ತು ವರ್ಷದಿಂದ ಕಾಯಿಲೆ ಅನುಭವಿಸಿದವಳು. ಅವಳೇ ನನ್ನ ಮೊದಲ ಗುರು.

ನಾನು ಹೇಳುವುದು ಇಷ್ಟು. ಹೆಸರು ಹಿಡಿದು ಕರೆಯಿರಿ, ಬೆಡ್ ನಂಬರ್ ಹಿಡಿದಲ್ಲ. ಹಿರಿಯರಿದ್ದರೆ ಅಜ್ಜಾ, ಅವ್ವಾ, ಕಾಕಾ ಅನ್ನಿ. ದಖ್ಖನಿ, ತೆಲುಗು, ಲಂಬಾಣಿ ಮಾತಿನಲ್ಲಿ ನಾಲ್ಕು ಮಾತು ಕಲಿತುಕೊಳ್ಳಿ. ನಮ್ಮ ಮೂರು ಜಿಲ್ಲೆಯಲ್ಲಿ ಕನ್ನಡವೊಂದೇ ಸಾಲುವುದಿಲ್ಲ. ಅವರಿಗೆ ಕೇಳುವ ದನಿ ನಿಮಗೆ ಕೇಳುವುದಿಲ್ಲ. "ಹಂಗೇನೂ ಇಲ್ಲ" ಅಂತ ವಾದಕ್ಕೆ ಇಳಿಯಬೇಡಿ, "ನನಗೂ ಕೇಳಿಸ್ತದ" ಅಂತ ಸುಳ್ಳೂ ಹೇಳಬೇಡಿ. "ನನಗ ಕೇಳವಲ್ದು, ಆದ್ರ ನಿಮಗ ಭಾಳ ತ್ರಾಸ ಆಗ್ಲಿಕತ್ತದ ಅಂತ ತಿಳೀತದ" ಅನ್ನಿ. ಸಿಟ್ಟಿನಲ್ಲಿ ಇರುವವರ ತೀರ ಹತ್ತಿರ ಹೋಗಬೇಡಿ, ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಒಬ್ಬರೇ ಸಾಹಸ ಮಾಡಬೇಡಿ. ಜಿಎನ್‌ಎಂ ಅಥವಾ ಬಿಎಸ್ಸಿ ಮುಗಿಸಿದ ಮೇಲೆ ಮನೋರೋಗ ಶುಶ್ರೂಷೆಯಲ್ಲಿ ಡಿಪ್ಲೊಮಾ ಮಾಡಬಹುದು, ಬಿಎಸ್ಸಿ ಆದವರು ಎಂಎಸ್ಸಿ ಮಾಡಬಹುದು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ ಹತ್ತು ಮಂದಿಗಿಂತ ಜಾಸ್ತಿ ಜನರಿಗೆ ಯಾವುದಾದರೂ ಮಾನಸಿಕ ತೊಂದರೆ ಇದೆ. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ತಲುಪಿಲ್ಲ. ನೀವು ಬೇಕು.

ಎಲ್ಲಿಗೆ ಬರಬೇಕು? ಬರುವಾಗ ಏನು ತರಬೇಕು?

ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್, ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಅಷ್ಟು ದೂರ ಆಗದಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ಬಂದು ನೋಡುವ ಮನೋಚೈತನ್ಯ ಶಿಬಿರ ಯಾವ ದಿನ ಅಂತ ಕೇಳಿ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಗೊತ್ತಾಗುತ್ತದೆ.

ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ತಿನ್ನುತ್ತಿರುವ ಗುಳಿಗೆಯ ಪಟ್ಟಿ ತನ್ನಿ. ಅವರ ಜೊತೆ ದಿನಾ ಇರುವವರು ಒಬ್ಬರು ಬರಲಿ, ಕಾಯಿಲೆ ಯಾವಾಗ ಶುರುವಾಯಿತು ಅಂತ ಅವರೇ ಹೇಳಬಲ್ಲರು. ಎರಡು ಜೊತೆ ಬಟ್ಟೆ, ಒಂದು ಚಾದರ ಇರಲಿ. ಅವರಿಗೆ ಇಷ್ಟವಾದ ತಿನಿಸು ಏನಾದರೂ ಇದ್ದರೆ ಕಟ್ಟಿಕೊಂಡು ಬನ್ನಿ, ಶೇಂಗಾ ಹೋಳಿಗೆ ಆದರೂ ಸರಿ, ಸಜ್ಜೆ ರೊಟ್ಟಿ ಆದರೂ ಸರಿ. ಮೊದಲ ದಿನ ನಮ್ಮ ಊಟ ಮುಟ್ಟದವರು ಮನೆಯ ತುತ್ತು ತಿನ್ನುತ್ತಾರೆ.

ದಾರಿಯಲ್ಲಿ ಬೇರೆ ದಾರಿ ಕಾಣದೆ ಕೈ ಕಟ್ಟಿಕೊಂಡೇ ಬಂದಿದ್ದರೂ ಗೇಟಿನಲ್ಲಿ ನಾಚಿಕೊಂಡು ನಿಲ್ಲಬೇಡಿ. ಹಾಗೇ ಒಳಗೆ ಬನ್ನಿ. ನಾವು ಬಿಚ್ಚುತ್ತೇವೆ.